ಹಿಂದಿನ ಸೀಟಿನಿಂದ ಇಳಿಯದವನು

"ಬ್ರೇಕ್ ಹಿಡೀರಿ... ಮೇಡಂ, ಬ್ರೇಕ್!"

ರಮ್ಯಶ್ರೀ ಕೈಗೆ, ಕಾಲಿಗೆ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಒತ್ತಿದಳು. ಬೈಕು ಗಕ್ಕನೆ ನಿಂತು ಎಂಜಿನ್ ಆಫ್ ಆಯಿತು. ಮುಂದಿನ ಚಕ್ರಕ್ಕೂ ಕಿತ್ತಳೆ ಹಣ್ಣಿನ ತಳ್ಳುಗಾಡಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು.

ರಸೆಲ್ ಮಾರುಕಟ್ಟೆಯ ಮುಂದೆ, ನಡುರಸ್ತೆಯಲ್ಲಿ, ವ್ಯಾಪಾರದ ಹೊತ್ತಿನಲ್ಲಿ ಅವಳ ಮೊದಲ ಸವಾರಿ ಹೀಗೆ ಮುಗಿಯಿತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಸಾಲು ಸಾಲು ಆಟೋ. ಒಬ್ಬ ತಮಿಳಿನಲ್ಲಿ ಬೈದ, ಇನ್ನೊಬ್ಬ ದಖನಿಯಲ್ಲಿ. ಹಲಸೂರಿನಲ್ಲಿ ಹುಟ್ಟಿ ಬೆಳೆದವಳಾದ್ದರಿಂದ ಎರಡೂ ಅವಳಿಗೆ ಚೆನ್ನಾಗಿಯೇ ಅರ್ಥವಾದವು.

ಬ್ರೇಕ್ ಎಂದು ಕೂಗಿದವನು ಕಂಕುಳಲ್ಲಿ ರೆಕ್ಸಿನ್ ಸುರುಳಿ ಇಟ್ಟುಕೊಂಡು ಓಡಿ ಬಂದ. ತೆಳ್ಳಗಿನ ಯುವಕ, ಅಂಗಿಯ ತೋಳಿಗೆ ದಾರದ ಎಳೆಗಳು ಅಂಟಿದ್ದವು.

"ನ್ಯೂಟ್ರಲ್‌ಗೆ ಹಾಕಿ."

"ನ್ಯೂಟ್ರಲ್ ಎಲ್ಲಿರುತ್ತೆ?"

ಅವನು ಅವಳ ಮುಖವನ್ನೇ ನೋಡಿದ. ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ತಾನೇ ಗೇರ್ ಒತ್ತಿ, ಬೈಕನ್ನು ಅವಳ ಸಮೇತ ರಸ್ತೆಯ ಪಕ್ಕಕ್ಕೆ ತಳ್ಳಿದ. ಮೂರು ಚಕ್ರದ ಸೈಕಲ್ಲಿನ ಮೇಲೆ ಕೂತ ಮಗುವಿನಂತೆ ಅವಳು ಸುಮ್ಮನೆ ಕೂತಿದ್ದಳು.

"ಎಲ್‌ಎಲ್ ಇದ್ಯಾ?"

"ಇದೆ. ನಿನ್ನೆ ಬಂತು."

"ಎಲ್ ಬೋರ್ಡ್?"

"ಅಂಟಿಸ್ಬೇಕು..."

"ಹಿಂದೆ ಯಾರು ಕೂತಿದ್ರು?"

"ಯಾರೂ ಇರ್ಲಿಲ್ಲ. ಲ್ಯಾಬಲ್ಲಿ ನನ್ ಜೊತೆ ಕೆಲ್ಸ ಮಾಡೋ ಸುನೀಲ್ ಬೈಕು ಇದು. ಮೂಲೆ ತನಕ ಹೋಗಿ ವಾಪಸ್ ಬಾ ಅಂದ. ನನಗೆ ಯು ಟರ್ನ್ ಬರಲ್ಲ. ಅದಕ್ಕೇ ನೇರ ಬಂದ್ಬಿಟ್ಟೆ."

"ಎಲ್‌ಎಲ್ ಅಂದ್ರೆ ಕಲಿಯೋಕೆ ಮಾತ್ರ ಮೇಡಂ, ಒಬ್ರೇ ಓಡಿಸೋಕಲ್ಲ. ಹಿಂದೆ ಲೈಸೆನ್ಸ್ ಇರೋರು ಒಬ್ರು ಕೂತಿರ್ಲೇಬೇಕು. ಅದು ಕಾನೂನು."

"ಬೈಬೇಡ್ರಿ," ಎಂದಳು ರಮ್ಯಶ್ರೀ. ಕಣ್ಣು ತುಂಬಿ ಬಂದಿದ್ದವು. "ಈಗಾಗ್ಲೇ ಇಡೀ ಶಿವಾಜಿನಗರ ಬೈದಾಯ್ತು."

ಅವನಿಗೆ ನಗು ಬಂತು. ನಕ್ಕರೆ ಅವಳು ಅತ್ತೇಬಿಡುತ್ತಾಳೆ ಎಂದು ತಡೆದುಕೊಂಡ. ಅವಳ ಎಡಗೈ ಇನ್ನೂ ಕ್ಲಚ್ಚನ್ನು ಬಿಗಿಯಾಗಿ ಹಿಡಿದೇ ಇತ್ತು. ಬಿಡಬೇಕು ಎಂಬುದು ಅವಳಿಗೆ ಹೊಳೆದಿರಲೇ ಇಲ್ಲ. ಅವನು ಬಗ್ಗಿ ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸಿದ.

ಅಷ್ಟು ಗಲಾಟೆಯ ನಡುವೆ ಆ ಬೆರಳುಗಳ ಬಿಸಿ ಮಾತ್ರ ಅವಳಿಗೆ ತಿಳಿಯಿತು. ಎದೆ ಹೊಡೆದುಕೊಳ್ಳುತ್ತಿತ್ತು. ಭಯಕ್ಕೆ ಇರಬೇಕು ಅಂದುಕೊಂಡಳು. ಪಾಪ, ಅಂದುಕೊಳ್ಳಲಿ ಬಿಡಿ.

"ಇಷ್ಟು ಭಯ ಇಟ್ಕೊಂಡು ಗೇರ್ ಬೈಕೇ ಯಾಕೆ? ಸ್ಕೂಟಿ ಕಲೀಬಹುದಲ್ಲ?"

ರಮ್ಯಶ್ರೀ ಕಣ್ಣೊರೆಸಿಕೊಂಡು ಹೇಳಿದಳು. ಅವಳು ಇಲ್ಲೇ ಹತ್ತಿರದ ರಕ್ತ ಪರೀಕ್ಷೆಯ ಲ್ಯಾಬಿನ ಕೌಂಟರಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಾಳೆ. ಎರಡು ತಿಂಗಳಲ್ಲಿ ಆ ಕೌಂಟರನ್ನು ಮುಚ್ಚುತ್ತಾರೆ. ಇನ್ನು ಮೇಲೆ ಮನೆಮನೆಗೆ ಹೋಗಿ ರಕ್ತ ತೆಗೆದು ತರುವವರಿಗೆ ಮಾತ್ರ ಕೆಲಸ. ಲ್ಯಾಬಿನ ಬೈಕುಗಳೆಲ್ಲ ಗೇರ್ ಇರುವಂಥವು. ಕೌಂಟರ್ ಮುಚ್ಚುವ ದಿನಕ್ಕೆ ಗೇರ್ ಬೈಕಿನ ಲೈಸೆನ್ಸ್ ಕೈಯಲ್ಲಿದ್ದರೆ ಉಳಿಯುತ್ತಾಳೆ, ಇಲ್ಲದಿದ್ದರೆ ಮನೆಗೆ.

"ಮನೇಲಿ ನಾನು, ಅಮ್ಮ ಇಬ್ರೇ. ಅಮ್ಮ ಹೂ ಕಟ್ಟಿ ಮಾರ್ತಾರೆ. ಈ ಕೆಲ್ಸ ಹೋದ್ರೆ..."

ಅವನು ರೆಕ್ಸಿನ್ ಸುರುಳಿಯನ್ನು ಹೆಗಲಿಗೇರಿಸಿದ.

"ಆ ಗಲ್ಲಿ ಕೊನೇಲಿ ಚಾಂದ್ ಪಾಷಾ ಅಂತ ಡ್ರೈವಿಂಗ್ ಸ್ಕೂಲ್ ನಡೆಸ್ತಾರೆ. ಹೋಗಿ ಸೇರ್ಕೊಳ್ಳಿ. ಟೂ ವ್ಹೀಲರ್‌ಗೆ ಬೆಳಿಗ್ಗೆ ಹೊತ್ತು ಕಲಿಸೋನು ಒಬ್ಬ ಇದಾನೆ. ಪರವಾಗಿಲ್ಲ, ಒಳ್ಳೆಯವ್ನೇ."

ಮರುದಿನ ಅವಳು ಸೇರಿದಳು. ಆ ಒಳ್ಳೆಯವನು ಹೆಲ್ಮೆಟ್ ಹಿಡಿದು ಬೈಕಿನ ಪಕ್ಕ ನಿಂತಿದ್ದ. ಅಂಗಿಯ ತೋಳಿಗೆ ಅವತ್ತೂ ದಾರದ ಎಳೆ.

ಹೆಸರು ಸುಗತ.

*

ಹಗಲಿಡೀ ಸುಗತ ಶಿವಾಜಿನಗರದ ತನ್ನ ಪುಟ್ಟ ಅಂಗಡಿಯಲ್ಲಿ ಬೈಕುಗಳಿಗೆ ಸೀಟ್ ಕವರ್ ಹೊಲಿಯುತ್ತಿದ್ದ. ಬೆಳಗಿನ ಹೊತ್ತು ಮಾತ್ರ ಪಾಷಾ ಅವರ ಸ್ಕೂಲಿನಲ್ಲಿ ಮೇಷ್ಟ್ರು. ಕಲ್ಯಾಣ ನಗರದ ಒಳಗೆ, ಇನ್ನೂ ಮನೆಗಳೇಳದ ಒಂದು ಅಗಲವಾದ ರಸ್ತೆಯೇ ಅವರ ತರಗತಿ.

ಲೈಸೆನ್ಸ್ ಟೆಸ್ಟಿನಲ್ಲಿ ಬೈಕಿನ ಮೇಲೆ ಎಂಟು ಹಾಕಬೇಕು. ಎಂಟರ ಅಂಕೆಯ ಗೆರೆಯ ಮೇಲೆ, ಕಾಲು ನೆಲಕ್ಕೆ ತಾಗಿಸದೆ ಸುತ್ತಬೇಕು. ಸುಗತ ಸುಣ್ಣದ ಪುಡಿಯಲ್ಲಿ ಒಂದು ಎಂಟು ಬರೆದ. ಅದನ್ನು ನೋಡಿ ರಮ್ಯಶ್ರೀಗೆ ತಡೆಯಲಾಗಲಿಲ್ಲ.

"ಇದು ಎಂಟಾ ಮೇಷ್ಟ್ರೇ? ಕಡಲೇಕಾಯಿ ಥರ ಇದೆ."

ಮಾರನೇ ದಿನ ಅವಳೇ ಮನೆಯಿಂದ ರಂಗೋಲಿ ಪುಡಿ ತಂದು, ಬಗ್ಗಿ, ಗುಂಡಗೆ ಎರಡು ಸುತ್ತು ಎಳೆದಳು. ಕೈ ಪಳಗಿತ್ತು. ವಾಕಿಂಗ್ ಬಂದ ಅಜ್ಜಿಯೊಬ್ಬರು ಚಪ್ಪಲಿ ಕಾಲಲ್ಲಿ ಅದನ್ನು ತುಳಿಯದೆ ಸುತ್ತಿ ಬಳಸಿ ಹೋದರು. "ಇವತ್ತು ಯಾವ ಹಬ್ಬಮ್ಮ?" ಎಂದೂ ಕೇಳಿದರು.

"ಎಂಟರ ಹಬ್ಬ," ಎಂದ ಸುಗತ ಗಂಭೀರವಾಗಿ.

ಅವನು ಹಿಂದೆ ಕೂರುತ್ತಿದ್ದ. ಅವನ ಕೈಗಳು ಯಾವಾಗಲೂ ಹಿಂದಿನ ಕಂಬಿಯ ಮೇಲೆ. ಒಂದು ದಿನವೂ ಅವಳ ಹೆಗಲ ಮೇಲೆ ಬರಲಿಲ್ಲ. ಬೈಕು ವಾಲಿದಾಗಲೂ ಇಲ್ಲ. ಬರುವುದು ದನಿ ಮಾತ್ರ, ಬಲಗಿವಿಯ ಹತ್ತಿರ, ಮೆಲ್ಲಗೆ.

"ಚಕ್ರ ನೋಡ್ಬೇಡಿ. ಎಲ್ಲಿಗೆ ಹೋಗ್ಬೇಕೋ ಆ ಕಡೆ ನೋಡಿ."

ಅವಳು ನಕ್ಕಳು. "ನಾನೂ ಇದನ್ನೇ ಹೇಳೋದು. ಸೂಜಿ ನೋಡ್ಬೇಡಿ, ಆ ಕಡೆ ನೋಡಿ ಅಂತ. ಆಮೇಲೆ ಚುಚ್ಚೋದು."

"ಹಂಗಾದ್ರೆ ನಾನು ಹುಷಾರಾಗಿರ್ಬೇಕು."

ಇನ್ನೊಂದು ಸಂಗತಿ ಇತ್ತು. ಎಡಗಡೆಯ ಕನ್ನಡಿ.

ಎರಡನೇ ದಿನವೋ ಮೂರನೇ ದಿನವೋ ರಮ್ಯಶ್ರೀ ಆ ಕನ್ನಡಿಯನ್ನು ಚೂರೇ ಚೂರು ಒಳಕ್ಕೆ ತಿರುಗಿಸಿದಳು. ಈಗ ಅದರಲ್ಲಿ ರಸ್ತೆ ಕಾಣುತ್ತಿರಲಿಲ್ಲ, ಮೇಷ್ಟ್ರ ಮುಖ ಕಾಣುತ್ತಿತ್ತು. ತಿರುವಿನಲ್ಲಿ ಅವಳು ಹೆದರಿದಾಗ ಅವನೂ ತುಟಿ ಕಚ್ಚುತ್ತಿದ್ದ. ಸರಿಯಾಗಿ ಸುತ್ತಿದಾಗ ಅವನ ಕಣ್ಣು ಮೊದಲು ನಗುತ್ತಿದ್ದವು.

"ಕನ್ನಡಿ ಇರೋದು ಹಿಂದೆ ಬರೋ ಗಾಡಿ ನೋಡೋಕೆ," ಎಂದು ಅವನು ಸರಿ ಮಾಡುತ್ತಿದ್ದ.

"ಹೌದಾ ಮೇಷ್ಟ್ರೇ? ಗಾಳಿಗೆ ತಿರುಗಿರ್ಬೇಕು."

ದಿನಾ ಗಾಳಿಗೆ ತಿರುಗುವ ಕನ್ನಡಿ! ಅವನು ದಿನಾ ಸರಿ ಮಾಡುತ್ತಿದ್ದ, ಅವಳು ದಿನಾ ತಿರುಗಿಸುತ್ತಿದ್ದಳು. ಯಾಕೆ ಎಂದು ಇಬ್ಬರೂ ಕೇಳಲಿಲ್ಲ.

ರಮ್ಯಶ್ರೀ ಬೆಳಗಾಗುವುದನ್ನೇ ಕಾಯತೊಡಗಿದಳು. ತಲೆ ಬಾಚಿಕೊಳ್ಳುವಾಗ, ಹೇಗಿದ್ದರೂ ಮೇಲೆ ಹೆಲ್ಮೆಟ್ ಬರುತ್ತದೆ ಎಂದು ಗೊತ್ತಿದ್ದೂ ಎರಡೆರಡು ಸಲ ಬಾಚಿಕೊಂಡಳು. ನನಗೆ ಬೈಕ್ ಇಷ್ಟವಾಗುತ್ತಿದೆ ಎಂದು ತನಗೆ ತಾನೇ ಹೇಳಿಕೊಂಡಳು.

ಅಮ್ಮ ಭಾಗ್ಯಲಕ್ಷ್ಮಿಗೆ ಮಾತ್ರ ಇದು ಸುತರಾಂ ಇಷ್ಟವಿರಲಿಲ್ಲ.

"ಬಿದ್ದು ಕೈಕಾಲು ಮುರ್ಕೊಂಡ್ರೆ ಯಾರೇ ನೋಡ್ಕೊಳ್ಳೋದು? ಆ ಲೈಸೆನ್ಸ್ ಬರ್ದೇ ಇದ್ರೇನೇ ಒಳ್ಳೇದು."

ಕೌಂಟರ್ ಮುಚ್ಚುವ ವಿಷಯವನ್ನು ರಮ್ಯಶ್ರೀ ಅಮ್ಮನಿಗೆ ಹೇಳಿರಲಿಲ್ಲ. ಹೇಳಿದರೆ ಅವರು ನಿದ್ದೆ ಬಿಡುತ್ತಾರೆ ಎಂದು ಸುಮ್ಮನಿದ್ದಳು.

ಒಂದು ಬೆಳಿಗ್ಗೆ ಅವಳು ಲ್ಯಾಬಿಗೆ ಹೋಗುವಾಗ ಕಂಡದ್ದೇನು? ಮಾರುಕಟ್ಟೆಯಿಂದ ಹೂವಿನ ಚೀಲ ಹೊತ್ತ ಅಮ್ಮ ಸುಗತನ ಅಂಗಡಿಯಿಂದ ಇಳಿದು ಬರುತ್ತಿದ್ದಾರೆ. ಸಂಜೆ ಕೇಳಿದರೆ, "ಯಾವ ಅಂಗ್ಡಿ? ನಾನು ಹೂ ತರೋಕೆ ಹೋಗಿದ್ದೆ," ಎಂದುಬಿಟ್ಟರು.

ಅಮ್ಮ ಸುಳ್ಳು ಹೇಳಿದ್ದೇಕೆ? ರಮ್ಯಶ್ರೀಗೆ ಅದು ಮನಸ್ಸಿನಲ್ಲೇ ಉಳಿಯಿತು.

ಈ ನಡುವೆ ಒಂದು ತಪ್ಪು ದಿನಾ ನಡೆಯುತ್ತಿತ್ತು. ಅವಳಿಗೆ ಅದು ಕಾಣಲಿಲ್ಲ. ಅವನಿಗೆ ಕಾಣುತ್ತಿತ್ತು, ಆದರೂ ನಡೆಯಿತು.

*

ಎಲ್‌ಎಲ್ ಆಗಿ ತಿಂಗಳು ಕಳೆದು ಟೆಸ್ಟಿನ ದಿನ ಬಂತು. ಆರ್‌ಟಿಓ ಮೈದಾನದಲ್ಲಿ ಸಾಲು ಇತ್ತು. ಇನ್‌ಸ್ಪೆಕ್ಟರ್ ಮೇಡಂ ಬಿಸಿಲಿಗೆ ಕೈ ಅಡ್ಡ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು.

ರಮ್ಯಶ್ರೀ ಸ್ಕೂಲಿನ ಬೈಕನ್ನು ಗೆರೆಯ ತನಕ ತಂದಳು. ಸುಗತ ಹಿಂದಿನಿಂದ ಇಳಿದ. ಅವನ ಮುಖ ಬಿಳಚಿಕೊಂಡಿತ್ತು.

"ಇಲ್ಲಿಂದ ಒಬ್ರೇ ಹೋಗ್ಬೇಕು... ನಿಧಾನ. ಹೋಗೋ ಕಡೆ ನೋಡಿ."

ಅವಳು ಹೊರಟಳು. ಹೊರಟ ಕೂಡಲೇ ಏನೋ ಬೇರೆಯಾಗಿದೆ ಅನ್ನಿಸಿತು. ಬೈಕು ಹಗುರವಾಗಿತ್ತು. ಹಿಂದೆ ಸದಾ ಇರುತ್ತಿದ್ದ ಭಾರ ಇರಲಿಲ್ಲ. ಎಂದಿನಷ್ಟೇ ಆಕ್ಸಿಲರೇಟರ್ ಕೊಟ್ಟರೂ ಗಾಡಿ ಮುನ್ನುಗ್ಗಿತು. ಎಂದಿನಷ್ಟೇ ವಾಲಿಸಿದರೂ ಹೆಚ್ಚು ವಾಲಿತು. ಮೊದಲ ಸುತ್ತು ಹೇಗೋ ಆಯಿತು. ಎರಡನೇ ಸುತ್ತಿನಲ್ಲಿ ಅವಳು ಅಭ್ಯಾಸಬಲದಿಂದ ಎಡಗಡೆಯ ಕನ್ನಡಿ ನೋಡಿದಳು.

ಕನ್ನಡಿ ಖಾಲಿ.

ಅಷ್ಟೇ. ಬೈಕು ಗೆರೆ ದಾಟಿತು. ಎಡಗಾಲು ತಾನಾಗಿ ನೆಲಕ್ಕೆ ಬಿತ್ತು.

"ಫೇಲ್," ಎಂದರು ಇನ್‌ಸ್ಪೆಕ್ಟರ್ ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ. "ಏನಮ್ಮ, ಹಿಂದೆ ಯಾರನ್ನಾದ್ರೂ ಕೂರಿಸ್ಕೊಂಡೇ ಕಲ್ತ್ಯಾ? ಒಂದು ದಿನಾನೂ ಒಬ್ಳೇ ಎಂಟು ಹಾಕಿಲ್ವಾ? ನೋಡಿದ್ರೇ ಗೊತ್ತಾಗುತ್ತೆ. ಏಳು ದಿನ ಬಿಟ್ಟು ಬಾ."

ಮೈದಾನದ ಅಂಚಿನಲ್ಲಿ ಟೀ ಕುಡಿಯುತ್ತಿದ್ದ ಚಾಂದ್ ಪಾಷಾ ಲೋಟವನ್ನು ಅಲ್ಲೇ ಇಟ್ಟರು. ಇಪ್ಪತ್ತು ವರ್ಷದಿಂದ ಸ್ಕೂಲ್ ನಡೆಸಿಕೊಂಡು ಬಂದ ಮನುಷ್ಯ, ಇನ್‌ಸ್ಪೆಕ್ಟರ್ ಹೇಳಿದ್ದು ಅವರಿಗೆ ಅವಮಾನವಾಗಿತ್ತು.

"ಕ್ಯಾ ರೇ ಸುಗತ? ಎಲ್ಲಾರ್ಗೂ ಎರಡನೇ ವಾರಕ್ಕೆ ಆ ಖಾಲಿ ರಸ್ತೇಲಿ ಇಳಿದು, ದೂರ ನಿಂತ್ಕೊಂಡು ಕಲಿಸ್ತೀಯ. ಈ ಬೇಟಿಗೆ ಯಾಕೆ ಇಳೀಲಿಲ್ಲ?"

ಸುಗತ ತಲೆ ತಗ್ಗಿಸಿದ.

ರಮ್ಯಶ್ರೀ ಅವನನ್ನೇ ನೋಡಿದಳು. ಎಲ್ಲರಿಗೂ ಇಳಿದ, ನನಗೆ ಮಾತ್ರ ಇಳಿಯಲಿಲ್ಲ. ಅಂದರೆ ಬೇಕೆಂದೇ... ಅಮ್ಮ ಅವನ ಅಂಗಡಿಯಿಂದ ಬಂದದ್ದು, ಕೇಳಿದರೆ ಸುಳ್ಳು ಹೇಳಿದ್ದು, ಲೈಸೆನ್ಸ್ ಬರದೇ ಇದ್ದರೇನೇ ಒಳ್ಳೆಯದು ಎಂದದ್ದು, ಎಲ್ಲ ಒಟ್ಟಿಗೆ ನೆನಪಾದವು.

"ನಮ್ಮಮ್ಮ ನಿಮ್ಮ ಅಂಗ್ಡಿಗೆ ಬಂದಿದ್ರಾ?"

"ಬಂದಿದ್ರು."

"ನನ್ನ ಒಬ್ಳೇ ಬಿಡ್ಬೇಡ ಅಂದ್ರಾ?"

"ಅಂದ್ರು... ಆದ್ರೆ ರಮ್ಯಾ ಅವ್ರೇ—"

"ಸಾಕು." ಅವಳು ಹೆಲ್ಮೆಟ್ ತೆಗೆದಳು. "ನನ್ನ ಕೆಲ್ಸದ ವಿಷ್ಯ ನಿಮಗೆ ಮೊದಲ್ನೇ ದಿನಾನೇ ಹೇಳಿದ್ದೆ. ಅಮ್ಮಂಗೂ ಹೇಳದೇ ಇದ್ದಿದ್ದು ನಿಮಗೆ ಹೇಳಿದ್ದೆ. ಇಬ್ರೂ ಸೇರ್ಕೊಂಡು ನನ್ನ ಬೀಳಿಸಿದ್ರಿ."

ಹೇಳಲು ಅವನಲ್ಲಿ ನಿಜವೊಂದಿತ್ತು. ಅದನ್ನು ಇಷ್ಟು ಜನರೆದುರು, ಅವಳು ಸೋತು ನಿಂತಿರುವಾಗ ಹೇಗೆ ಹೇಳುವುದು?

ಅವಳು ಹೆಲ್ಮೆಟ್ಟನ್ನು ಸೀಟಿನ ಮೇಲಿಟ್ಟು ಬಸ್ ಸ್ಟಾಪಿನ ಕಡೆ ನಡೆದಳು. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಹಲಸೂರು ಬರುವ ತನಕ ಅತ್ತಳು. ಫೇಲಾದದ್ದಕ್ಕೆ ಅಳುತ್ತಿದ್ದೇನೆ ಅಂದುಕೊಂಡಳು. ಅದಕ್ಕಿಂತ ಹೆಚ್ಚು ನೋವಾಗಿದ್ದು ಅವನ ಮೌನಕ್ಕೆ.

*

"ಬೇರೆ ಯಾರಾದ್ರೂ ಕಲಿಸೋರು ಬೇಕು ಪಾಷಾ ಭಾಯ್."

ಪಾಷಾ ತಾವೇ ಬಂದರು. ದೊಡ್ಡ ಹೊಟ್ಟೆ, ಹಿಂದೆ ಕೂರುವ ಮಾತೇ ಇಲ್ಲ. ರಸ್ತೆಯಂಚಿನ ಕಲ್ಲಿನ ಮೇಲೆ ಕೂತು, "ನಾನಿದೀನಿ ಬೇಟಿ, ಇಲ್ಲಿಂದ ಎಲ್ಲೂ ಹೋಗಲ್ಲ, ನೀನು ಎಂಟು ಹಾಕು," ಎಂದರು.

ಅವಳು ಹಾಕಿದಳು. ಕಾಲು ಇಟ್ಟಳು. ಮತ್ತೆ ಹಾಕಿದಳು, ಮತ್ತೆ ಇಟ್ಟಳು. ಬೆನ್ನ ಹಿಂದೆ ಖಾಲಿ ಅನ್ನಿಸಿದ ಕ್ಷಣವೇ ಬೈಕು ಗೆರೆ ಬಿಡುತ್ತಿತ್ತು. ಬಲಗಿವಿ ಒಂದು ದನಿಗೆ ಕಾಯುತ್ತಿತ್ತು. ಬಾರದ ದನಿಗೆ ಕಾದು ಕಾದು ಸೋತಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಮೋಸ ಮಾಡಿದವನ ದನಿ ಬೇಕೇನೇ ನಿನಗೆ?

ಬೇಕಿತ್ತು. ಅದೇ ಕಷ್ಟ.

ಸಂಜೆ ಅಮ್ಮ ಬಾಗಿಲಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದರು. ರಮ್ಯಶ್ರೀ ಬ್ಯಾಗನ್ನು ಮೂಲೆಗೆಸೆದು ಎಲ್ಲವನ್ನೂ ಹೇಳಿಬಿಟ್ಟಳು. ಕೌಂಟರ್ ಮುಚ್ಚುವುದು, ಕೆಲಸ ಹೋಗುವುದು, ಎಲ್ಲ.

"ನೀನು ಅಂದ್ಕೊಂಡಂಗೇ ಆಯ್ತು. ಲೈಸೆನ್ಸ್ ಬರಲ್ಲ. ಖುಷಿನಾ?"

ಭಾಗ್ಯಲಕ್ಷ್ಮಿಯ ಕೈಯಲ್ಲಿ ದಾರ ನಿಂತಿತು.

"ಕೆಲ್ಸಾನೇ ಹೋಗುತ್ತಾ? ಅಯ್ಯೋ... ನನಗ್ಯಾಕೆ ಹೇಳ್ಲಿಲ್ವೇ? ಶೋಕಿಗೆ ಕಲೀತಿದಾಳೆ ಅಂದ್ಕೊಂಡಿದ್ದೆ."

"ನೀನು ಅವ್ರಿಗೆ ಏನು ಹೇಳ್ದೆ, ಅದು ಹೇಳು."

ಅಮ್ಮ ಕಟ್ಟುತ್ತಿದ್ದ ಹೂವನ್ನು ಮಡಿಲಲ್ಲಿಟ್ಟರು.

"ಒಬ್ಳೇ ಬಿಡ್ಬೇಡಪ್ಪಾ ಅಂದೆ, ನಿಜ. ಅವನು ಮಿಷನ್ ತುಳಿಯೋದು ನಿಲ್ಸಿ ಏನಂದ ಗೊತ್ತಾ? 'ಬಿಡ್ಲೇಬೇಕಮ್ಮ. ಬಿಡದೇ ಇದ್ರೆ ಅವ್ರಿಗೆ ಬರಲ್ಲ. ಇವತ್ತು ಇಳೀಬೇಕು ಅಂತಾನೇ ದಿನಾ ಹೋಗ್ತೀನಿ. ಇಳಿಯೋಕೆ ಮನಸ್ಸೇ ಬರಲ್ಲ' ಅಂದ."

"ಯಾಕಂತೆ?"

"ನಾನೂ ಕೇಳ್ದೆ. ತಲೆ ಬಗ್ಗಿಸ್ಕೊಂಡು ಮತ್ತೆ ಮಿಷನ್ ತುಳಿದ. ಬಟ್ಟೆ ಇಲ್ಲದ ಜಾಗದಲ್ಲಿ ಸೂಜಿ ಓಡ್ತಾ ಇತ್ತು. ನಾನೇನು ಎಳೇ ಮಗುವೇನೆ, ಅಷ್ಟೂ ಅರ್ಥ ಆಗಲ್ವಾ?"

"ಅಮ್ಮಾ... ಮತ್ತೆ ನನಗ್ಯಾಕೆ ಸುಳ್ಳು ಹೇಳ್ದೆ?"

"ಹೇಳಿದ್ರೆ ನೀನು ಬೈಕೂ ಬಿಡ್ತಿರ್ಲಿಲ್ಲ, ಅವನನ್ನೂ ಬಿಡ್ತಿರ್ಲಿಲ್ಲ." ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಸುಗತ ಅಂದ್ರೆ ಯಾವ ಹೆಸ್ರಪ್ಪ ಅಂತಾನೂ ಕೇಳ್ದೆ. ಬುದ್ಧನ ಹೆಸ್ರಮ್ಮ ಅಂದ. ಹೆಸ್ರು ಚೆನ್ನಾಗಿದೆ ಅಂದೆ. ಹುಡುಗನೂ ಕೆಟ್ಟವನಲ್ಲ ಕಣೇ. ಆದ್ರೆ ನಿನ್ನ ಫೇಲ್ ಮಾಡಿಸಿದ್ದು ತಪ್ಪೇ. ಹೋಗಿ ಚೆನ್ನಾಗಿ ಕೇಳು."

ಅವಳು ಹೊರಟಾಗ ಅಮ್ಮ ಕಟ್ಟಿದ ಹೂವಿನಲ್ಲಿ ಒಂದು ಮೊಳ ಕತ್ತರಿಸಿ ಅವಳ ಜಡೆಗೆ ಮುಡಿಸಿದರು. ಜಗಳಕ್ಕೆ ಹೋಗುವ ಮಗಳಿಗೆ ಹೂ ಮುಡಿಸಿ ಕಳಿಸುವ ತಾಯಿಯನ್ನು ನೀವು ಕಂಡಿದ್ದೀರಾ?

*

ಸುಗತನ ಅಂಗಡಿಯಲ್ಲಿ ಮಿಷನ್ ಸದ್ದು ಬರುತ್ತಿತ್ತು. ಅವಳನ್ನು ಕಂಡದ್ದೇ ನಿಂತಿತು.

"ಇಳೀಬೇಕು ಅಂತ ನಿಮಗೆ ಗೊತ್ತಿತ್ತು," ಎಂದಳು ರಮ್ಯಶ್ರೀ, ನಿಂತಲ್ಲಿಂದಲೇ.

"ಗೊತ್ತಿತ್ತು."

"ನನ್ನ ಕೆಲ್ಸ ಹೋಗುತ್ತೆ ಅಂತಾನೂ ಗೊತ್ತಿತ್ತು."

"ಗೊತ್ತಿತ್ತು. ಟೆಸ್ಟ್ ದಿನ ಹೇಗೋ ಆಗುತ್ತೆ ಅಂದ್ಕೊಂಡೆ. ಹಂಗೆ ಅಂದ್ಕೊಂಡಿದ್ದು ದೊಡ್ಡ ತಪ್ಪು. ನಿಮ್ಮಮ್ಮ ಹೇಳಿದ್ದಕ್ಕೆ ಅಂತ ನಾನು ಹೇಳ್ಬಹುದಿತ್ತು. ಅದು ನೆಪ ಆಗ್ತಿತ್ತು."

"ಹಂಗಾದ್ರೆ ಯಾಕೆ ಇಳೀಲಿಲ್ಲ?"

ಅವನು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ಕೂತ. ಹೊರಗೆ ಯಾರೋ ಕೊತ್ತಂಬರಿ ಸೊಪ್ಪು ಕೂಗಿ ಮಾರುತ್ತಿದ್ದರು.

"ನಾನು ಇಳಿದ ದಿನ ನಿಮಗೆ ಬಂದ್ಬಿಡುತ್ತೆ. ಬಂದ್ಮೇಲೆ ನನ್ನ ಕೆಲ್ಸ ಮುಗೀತು. ಮಾರನೇ ದಿನದಿಂದ ನೀವು ಬರಲ್ಲ... ಇವತ್ತೊಂದು ದಿನ ಇರ್ಲಿ, ನಾಳೆ ಇಳಿಯೋಣ ಅಂತ ದಿನಾ ಅಂದ್ಕೊಂಡೆ."

ಅವನು ತಲೆಯೆತ್ತಿದ.

"ನೀವಂದ್ರೆ ನನಗೆ ತುಂಬಾ ಇಷ್ಟ ರಮ್ಯಾ. ಕ್ಲಚ್ ಮೇಲಿಂದ ನಿಮ್ಮ ಬೆರಳು ಬಿಡಿಸಿದ್ನಲ್ಲ, ಆವತ್ತಿಂದ. ಅದು ನನ್ನ ಸಂತೋಷ. ಅದಕ್ಕೋಸ್ಕರ ನೀವು ಕಲಿಯೋದನ್ನ ತಡೆದೆ ನೋಡಿ, ಅದಕ್ಕೆ ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ."

ರಮ್ಯಶ್ರೀ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಈ ಮಾತನ್ನು ಅವಳು ಕನಸಿನಲ್ಲಿ ಎಷ್ಟೋ ಸಲ ಕೇಳಿದ್ದಳು. ಸಂತೋಷಕ್ಕೆ ಎದೆ ತುಂಬಿ ಬಂತು. ಆದರೆ ಸಿಟ್ಟೂ ಹೋಗಿರಲಿಲ್ಲ. ಎರಡೂ ಒಟ್ಟಿಗೆ ಇದ್ದರೆ ಮನುಷ್ಯರು ಏನು ಮಾಡಬೇಕು ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳು ಅಳುತ್ತಲೇ ಗದರಿದಳು.

"ನಾಳೆ ಬೆಳಿಗ್ಗೆ ಬನ್ನಿ ಮೇಷ್ಟ್ರೇ."

ಅವನ ಕಣ್ಣು ಅರಳಿದವು.

"ಕೂರೋಕಲ್ಲ. ಇಳಿಯೋಕೆ."

*

ಬೆಳಿಗ್ಗೆ ಅವಳೇ ರಂಗೋಲಿ ಪುಡಿಯಲ್ಲಿ ಎಂಟು ಬರೆದಳು. ಎಡಗಡೆಯ ಕನ್ನಡಿಯನ್ನು ತಾನೇ ರಸ್ತೆಯ ಕಡೆಗೆ ತಿರುಗಿಸಿದಳು. ಸುಗತ ಅದನ್ನು ನೋಡಿದ.

ಅವನು ಹಿಂದೆ ಕೂತ. ಒಂದು ಎಂಟು ಆಯಿತು. ಬೈಕು ನಿಂತಿತು.

"ಇಳೀತೀನಿ," ಎಂದ.

"ಇಳೀರಿ."

ಬೈಕು ಮೇಲಕ್ಕೆದ್ದಂತಾಯಿತು. ಅವನು ನಡೆದು ಹೋಗಿ ಎದುರಿಗೆ, ಎಂಟರ ಆಚೆ ತುದಿಯಲ್ಲಿ, ಅವಳಿಗೆ ಕಾಣುವಂತೆ ನಿಂತ.

"ಭಾರ ಕಮ್ಮಿ ಆಗಿದೆ, ಅದಕ್ಕೆ ಕಮ್ಮಿ ಆಕ್ಸಿಲರೇಟರ್ ಸಾಕು. ಹಿಂದೆ ಯಾರೂ ಇಲ್ಲ ಅಂತ ಯೋಚ್ನೆ ಮಾಡ್ಬೇಡಿ. ಇಲ್ಲಿ ನೋಡ್ಕೊಂಡು ಬನ್ನಿ."

ಮೊದಲ ಸಲ ಕಾಲು ಇಟ್ಟಳು. ಎರಡನೇ ಸಲ ಗೆರೆ ದಾಟಿದಳು. ಅವನು ಓಡಿ ಬರಲಿಲ್ಲ. ಓಡಿ ಬರಬಾರದೆಂದು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಅದನ್ನು ರಮ್ಯಶ್ರೀ ಕಂಡಳು. ಇಷ್ಟು ದಿನ ಹಿಂದೆ ಕೂರುವುದು ಅವನಿಗೆ ಸುಲಭವಾಗಿತ್ತು. ಈಗ ದೂರ ನಿಲ್ಲುವುದು ಎಷ್ಟು ಕಷ್ಟವಾಗಿದೆ ಎಂದು ಅವಳಿಗೆ ತಿಳಿಯಿತು. ಸಿಟ್ಟು ಅಲ್ಲಿಯೇ, ಆ ರಸ್ತೆಯಲ್ಲೇ, ಸದ್ದಿಲ್ಲದೆ ಇಳಿದುಹೋಯಿತು.

ಮತ್ತೆ ಹೊರಟಳು. ಈ ಸಲ ಬೈಕು ಗೆರೆ ಬಿಡದೆ ಸುತ್ತಿತು. ಇನ್ನೊಂದು ಸುತ್ತು, ಮತ್ತೊಂದು. ವಾಕಿಂಗ್ ಅಜ್ಜಿ ನಿಂತು ಚಪ್ಪಾಳೆ ತಟ್ಟಿದರು. ಸುಗತ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವನು ಕಣ್ಣೊರೆಸಿಕೊಳ್ಳುತ್ತಿದ್ದ.

ಟೆಸ್ಟಿನ ದಿನ ಅವನು ಮೈದಾನದೊಳಗೆ ಬರಲೇ ಇಲ್ಲ, ಗೇಟಿನಾಚೆ ನಿಂತ. ಅವಳು ಒಬ್ಬಳೇ ಗೆರೆಗೆ ಹೋದಳು, ಒಬ್ಬಳೇ ಎಂಟು ಹಾಕಿದಳು. ಒಮ್ಮೆಯೂ ಕನ್ನಡಿ ನೋಡಲಿಲ್ಲ.

"ಈಗ ಬಂತು ನೋಡು," ಎಂದರು ಇನ್‌ಸ್ಪೆಕ್ಟರ್ ಮೇಡಂ. "ಪಾಸ್."

ಅವಳು ಗೇಟಿಗೆ ಓಡಿದಳು. ಮುಖ ನೋಡಿದರೇ ಅವನಿಗೆ ತಿಳಿಯಿತು.

"ಪಾಸಾ?"

"ಪಾಸ್."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ನಕ್ಕರು. ಆಮೇಲೆ ಅವನು ಮೆಲ್ಲಗೆ ಕೇಳಿದ, "ಆವತ್ತು ಅಂಗ್ಡೀಲಿ ನಾನು ಹೇಳಿದ್ದಕ್ಕೆ... ಉತ್ತರ?"

ರಮ್ಯಶ್ರೀ ಮೂಗೇರಿಸಿದಳು. "ನನ್ನ ಒಂದು ಟೆಸ್ಟ್ ತಡ ಮಾಡಿಸಿದ್ರಲ್ಲ ಮೇಷ್ಟ್ರೇ. ನೀವೂ ಸ್ವಲ್ಪ ಕಾಯಿರಿ. ಲೈಸೆನ್ಸ್ ಕಾರ್ಡ್ ಮನೆಗೆ ಬರ್ಲಿ."

ಲೈಸೆನ್ಸ್ ಮೊದಲು ಫೋನಿಗೆ ಬಂತು. ಲ್ಯಾಬಿನ ಕೆಲಸಕ್ಕೆ ಅಷ್ಟು ಸಾಕಾಯಿತು. ಕೌಂಟರಿಗೆ ಬೀಗ ಬೀಳುವ ಹೊತ್ತಿಗೆ ರಮ್ಯಶ್ರೀ ಸ್ಯಾಂಪಲ್ ಪೆಟ್ಟಿಗೆ ಕಟ್ಟಿಕೊಂಡು ಇಂದಿರಾನಗರದ ಮನೆಗಳ ಬೆಲ್ ಒತ್ತುತ್ತಿದ್ದಳು. ಸುಗತನಿಗೆ ಮಾತ್ರ ಅದು ಸಾಕಾಗಲಿಲ್ಲ. ದಿನಾ ಅವಳ ಫೋನಿಗೆ ಒಂದೇ ಮೆಸೇಜು: "ಪೋಸ್ಟ್ ಬಂತಾ?"

*

ಒಂದು ಭಾನುವಾರ ಬೆಳಿಗ್ಗೆ ಸುಗತ ಅಂಗಡಿಯ ಮುಂದೆ ಸೀಟೊಂದಕ್ಕೆ ಕವರ್ ಎಳೆದು ಕೂರಿಸುತ್ತಿದ್ದ. ಬೈಕೊಂದು ಬಂದು ಅವನ ಪಕ್ಕದಲ್ಲೇ, ಅಲುಗಾಡದೆ ನಿಂತಿತು.

ಪಾಷಾ ಅವರ ಸ್ಕೂಲಿನ ಬೈಕು. ಮುಂದಿದ್ದ ಕೆಂಪು ಎಲ್ ಸ್ಟಿಕ್ಕರ್ ಕಿತ್ತು ಹಾಕಿದ್ದರು, ಅಂಟಿನ ಗುರುತು ಮಾತ್ರ ಉಳಿದಿತ್ತು.

"ಪಾಷಾ ಭಾಯ್ ಹತ್ರ ಒಂದು ದಿನಕ್ಕೆ ಕೇಳಿ ತಂದೆ," ಎಂದಳು ರಮ್ಯಶ್ರೀ. "ಮೇಷ್ಟ್ರೇ, ಒಂದು ಡೌಟು."

"ಕೇಳಿ."

"ನನಗೆ ಕಾರ್ಡ್ ಬಂತು. ಇನ್ಮೇಲೆ ಹಿಂದೆ ಲೈಸೆನ್ಸ್ ಇರೋರೇ ಕೂರ್ಬೇಕು ಅಂತ ಕಾನೂನಿಲ್ಲ ಅಲ್ವಾ?"

ಅವನ ಕೈಯಲ್ಲಿದ್ದ ಕವರ್ ಜಾರಿತು. "ಇಲ್ಲ."

"ಯಾರು ಬೇಕಾದ್ರೂ ಕೂರ್ಬಹುದು."

"ಕೂರ್ಬಹುದು."

"ನನಗೆ ನೀವೇ ಬೇಕು," ಎಂದಳು ರಮ್ಯಶ್ರೀ. ಮುಖ ಕೆಂಪಾಗಿತ್ತು, ಆದರೂ ಕಣ್ಣು ತಗ್ಗಿಸಲಿಲ್ಲ. "ಕಲಿಸೋಕಲ್ಲ. ಜೊತೆಗಿರೋಕೆ. ಅಮ್ಮ ಊಟಕ್ಕೆ ಕರ್ಕೊಂಡ್ ಬಾ ಅಂದಿದಾರೆ. ಹೆಲ್ಮೆಟ್ ಎರಡು ತಂದಿದೀನಿ. ಹತ್ತಿ."

ಸುಗತ ಅಂಗಡಿಯ ಷಟರ್ ಎಳೆದ. ಬೀಗ ಹಾಕಿದ. ಅಂಗಿಯ ತೋಳಿನ ದಾರಗಳನ್ನು ಕಿತ್ತುಕೊಳ್ಳುತ್ತ ಬಂದು ಹಿಂದೆ ಕೂತ. ಕೈಗಳು ರೂಢಿಯಂತೆ ಹಿಂದಿನ ಕಂಬಿಗೆ ಹೋದವು. ಅವಳು ಎಡಗೈ ಹಿಂದೆ ಚಾಚಿ, ಅವನ ಕೈಯನ್ನು ಹುಡುಕಿ, ಒಂದೊಂದೇ ಬೆರಳನ್ನು ಕಂಬಿಯಿಂದ ಬಿಡಿಸಿ, ತನ್ನ ಹೆಗಲ ಮೇಲಿಟ್ಟುಕೊಂಡಳು.

ಆಮೇಲೆ ಎಡಗಡೆಯ ಕನ್ನಡಿಯನ್ನು ಚೂರೇ ಚೂರು ಒಳಕ್ಕೆ ತಿರುಗಿಸಿದಳು. ಅವನ ಕಣ್ಣು ಆಗಲೇ ನಗುತ್ತಿದ್ದವು.

"ಕನ್ನಡಿ ಇರೋದು..."

"ಗೊತ್ತು. ಹೊರಡೋವಾಗ ಸರಿ ಮಾಡ್ಕೋತೀನಿ."

ಅವಳು ಕನ್ನಡಿ ಸರಿಮಾಡಿ ಗೇರ್ ಹಾಕಿದಳು. ಬೈಕು ರಸೆಲ್ ಮಾರುಕಟ್ಟೆಯ ಮುಂದಿನಿಂದ, ಬಸ್ಸು, ಆಟೋ, ಕಿತ್ತಳೆ ಗಾಡಿಗಳ ನಡುವಿನಿಂದ ಮೆಲ್ಲಗೆ ಸಾಗಿತು. ಯಾರೂ ಬೈಯಲಿಲ್ಲ.

"ರಮ್ಯಾ..." ಬಲಗಿವಿಯ ಹತ್ತಿರ ಆ ದನಿ. "ಊಟ ಆದ್ಮೇಲೆ ನಾನು ಎಲ್ಲಿ ಇಳೀಬೇಕು?"

ಅವಳು ಹೋಗುವ ದಾರಿಯನ್ನೇ ನೋಡುತ್ತ ನಕ್ಕಳು.

"ಇಳೀಬೇಡ," ಎಂದಳು.